ಚೌಕವು ಹೊದಿಕೆಯಲ್ಲ

ದಾನವನ್ನು ತೂಗಿ ನೋಡಲು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ನಾಲ್ಕು ಅಳತೆಗಳನ್ನು ಕೊಟ್ಟಿದೆ: ವಿಧಿ, ದ್ರವ್ಯ, ದಾತೃ, ಪಾತ್ರ. ಹೊಸ ಕಾಲದ ಹೊಸ ದಾನಗಳೂ ಈ ತಕ್ಕಡಿಯಿಂದ ತಪ್ಪಿಸಿಕೊಳ್ಳಲಾರವು. ಚೌಕಗಳನ್ನು ಹೆಣೆದು ಬಡವರಿಗೆ ಹೊದಿಕೆ ಮಾಡುವ ಸೇವೆಯೂ ಅಂಥದೊಂದು ದಾನ.

ದಕ್ಷಿಣ ಆಫ್ರಿಕಾದ ಅನಾಥ ಮಕ್ಕಳಿಗಾಗಿ ಅನ್ಯದೇಶಗಳ ಸ್ತ್ರೀಯರು ಎಂಟು ಅಂಗುಲದ ಚೌಕಗಳನ್ನು ಹೆಣೆದು ಅಂಚೆಯಲ್ಲಿ ಕಳುಹಿಸಿದ್ದುಂಟು. 35 ಚೌಕಗಳಿಗೆ ಒಂದು ಮಗುವಿನ ಹೊದಿಕೆ. ನಮ್ಮ ನೆರೆಯ ಚೆನ್ನೈನಲ್ಲಿ 2016ರ ಜನವರಿ 31ರಂದು ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಮಹಿಳಾ ಬಳಗವು 11,148.5 ಚದರ ಮೀಟರಿನ ಕ್ರೋಶಾ ಹೊದಿಕೆಯನ್ನು ಹಾಸಿ ಗಿನ್ನೆಸ್ ದಾಖಲೆ ಸ್ಥಾಪಿಸಿತು. ಈ ಸೇವೆಯ ಗುಣವು ಅಲ್ಪವಲ್ಲ. ಸ್ವಂತ ಹಣವಿಲ್ಲದ ಗೃಹಿಣಿಯೂ, ಮನೆಬಿಟ್ಟು ಕದಲಲಾಗದ ವೃದ್ಧೆಯೂ ಇದರಿಂದ ದಾತೃಗಳಾಗಬಲ್ಲರು. ಸೇವೆಯ ಈ ಗುಣವನ್ನು ಒಪ್ಪಿಕೊಂಡೇ ಅದರ ದೋಷವನ್ನು ಹೇಳಬೇಕಾಗಿದೆ.

ದೋಷವೆಂದರೆ, ಚೌಕವನ್ನು ಕೊಟ್ಟೊಡನೆ ದಾನವು ಮುಗಿಯಿತೆಂಬ ಭ್ರಮೆ. ಚೌಕವು ಯಾರ ಚಳಿಯನ್ನೂ ಕಳೆಯದು. ದೊಡ್ಡವರೊಬ್ಬರ ಮೈ ಮುಚ್ಚಲು ಎಂಟಂಗುಲದ 70 ಚೌಕಗಳು ಬೇಕು. ಏಳು ಅಡ್ಡಲಾಗಿ, ಹತ್ತು ಉದ್ದಕ್ಕೆ ಜೋಡಿಸಿದರೆ ನಡುವಿನ ಹೊಲಿಗೆಯೇ 82 ಅಡಿ. ಒಂದೊಂದು ಚೌಕದ ಎರಡು ದಾರದ ತುದಿಗಳನ್ನು ಒಳಸೇರಿಸಿದರೂ 140 ತುದಿಗಳು. ಹೆಣೆಯುವವರು ಎಪ್ಪತ್ತು ಮಂದಿ ಇದ್ದು, ಹೊಲಿಯುವವರು ಒಬ್ಬರೂ ಇಲ್ಲದಿದ್ದರೆ ಆ ಚೌಕಗಳ ಗತಿಯೇನು? ಪೆಟ್ಟಿಗೆಯಲ್ಲಿ ನುಸಿಗೆ ಆಹಾರವಾಗುವುದು. ಅರೆಸಿದ್ಧ ಸರಕನ್ನು ಮಾರಾಟವೆಂದು ಜಮಾ ಮಾಡಿಕೊಳ್ಳುವ ವರ್ತಕನನ್ನು ಜನರು ಏನೆಂದು ಕರೆಯುವರೋ, ಚೌಕಗಳನ್ನು ಎಣಿಸಿ ಪುಣ್ಯವನ್ನು ಜಮಾ ಮಾಡಿಕೊಳ್ಳುವ ಸೇವಾಸಂಘಕ್ಕೂ ಅದೇ ಹೆಸರು ಸಲ್ಲುವುದು.

ಕನ್ನಡನಾಡಿನ ಕೌದಿಯು ಈ ದೋಷವನ್ನು ಅರಿಯದು. ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆಯೇ ತುಂಡುಗಳನ್ನಿಟ್ಟು ಹೊಲಿಯುವುದು ಕೌದಿಯ ಕ್ರಮ. ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಸ್ತ್ರೀಯರ ಕೌದಿಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ತುಂಡು ಕೈಗೆ ಬಂದಾಗಲೇ ಅದಕ್ಕೊಂದು ಹೊದಿಕೆಯಲ್ಲಿ ಸ್ಥಾನವಿರುತ್ತದೆ. ಆ ಹೊದಿಕೆಗೆ ಮನೆಯಲ್ಲೊಂದು ಮೈಯೂ ಇರುತ್ತದೆ.

ಇನ್ನು ದ್ರವ್ಯದ ವಿಚಾರ. ಅಗ್ಗವೆಂದು ಕೊಳ್ಳುವ ಅಕ್ರಿಲಿಕ್ ದಾರವು ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಬದಿಯಲ್ಲಿ ಮಲಗುವವರಿಗೆ ಅಂಥ ಹೊದಿಕೆ ಕೊಡುವುದು ಅನುಕಂಪೆಯಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಶ್ರಾವಕರಿಗೆ ಹೇಳಬೇಕಾಗಿಲ್ಲ. ಅಂದಕ್ಕಾಗಿ ತೂತುಗಳನ್ನು ಬಿಟ್ಟು ಹೆಣೆದ ಚೌಕವು ಮೇಜಿನ ಮೇಲೆ ಶೋಭಿಸೀತು; ಪುಷ್ಯಮಾಸದ ಗಾಳಿಯನ್ನು ತಡೆಯದು. ದಪ್ಪ ಹತ್ತಿಯ ಅಥವಾ ಉಣ್ಣೆಯ ದಾರ, ಒತ್ತಾದ ಹೆಣಿಗೆ, ಬೆನ್ನಿಗೊಂದು ಹಳೆಯ ಸೀರೆಯ ಅಸ್ತರಿ ಇಷ್ಟಾದರೂ ಇರತಕ್ಕದ್ದು.

ಪಾತ್ರವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಪಾಂಡವಪುರದ ಆಲೆಮನೆಗಳಲ್ಲಿ ದುಡಿಯುವವರು, ಕೃಷ್ಣರಾಜಪೇಟೆಯ ಕಬ್ಬು ಕಡಿಯಲು ದೂರದ ಜಿಲ್ಲೆಗಳಿಂದ ಬಂದು ಗುಡಿಸಲಲ್ಲಿ ರಾತ್ರಿ ಕಳೆಯುವ ಕುಟುಂಬಗಳು, ಶ್ರೀರಂಗಪಟ್ಟಣದ ಹೊಳೆಯ ದಡದ ನಿರ್ಗತಿಕರು, ನಾಗಮಂಗಲದ ಬಯಲಿನಲ್ಲಿ ಕುರಿಮಂದೆ ಕಾಯುವವರು ಇವರೆಲ್ಲರೂ ದಯಾದತ್ತಿಗೆ ಅರ್ಹರೇ. ಆದರೆ ಅವರ ಚಳಿಯು ಸಭೆಯ ಮುಹೂರ್ತಕ್ಕಾಗಿ ಕಾಯುವುದಿಲ್ಲ. ಯುಗಾದಿಯ ಸಮಾರಂಭದಲ್ಲಿ ಹಂಚಿದ ಹೊದಿಕೆಯು ಹಂಚಿದವರ ಛಾಯಾಚಿತ್ರಕ್ಕಷ್ಟೇ ಉಪಯುಕ್ತ.

‘ಇಷ್ಟು ಶ್ರಮವೇಕೆ? ದಾರದ ಹಣಕ್ಕೆ ಅಂಗಡಿಯಲ್ಲಿ ಸಿದ್ಧ ಹೊದಿಕೆಯೇ ದೊರೆಯುವುದಲ್ಲ’ ಎಂದು ಲೆಕ್ಕಾಚಾರದವರು ಕೇಳುವರು. ಹಣವುಳ್ಳವರು ಕೊಂಡೇ ಕೊಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹಣವಿಲ್ಲದವರಿಗೂ ಕೊಡುವ ಹಕ್ಕಿದೆ, ಮನೆಯಲ್ಲಿ ಉಳಿದ ದಾರಕ್ಕೂ ಬೆಲೆಯಿದೆ. ಕೈಗೆಲಸವನ್ನು ಹೀಗಳೆಯುವುದು ಪ್ರಸ್ತುತ ವಾದದ ಉದ್ದೇಶವಲ್ಲ. ಕೈಗೆಲಸವನ್ನು ಅರ್ಧಕ್ಕೆ ಬಿಟ್ಟು ಪೂರ್ಣ ಪುಣ್ಯವನ್ನು ಬಯಸುವ ಲೋಭವೇ ಇಲ್ಲಿ ಖಂಡನೀಯ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಶ್ರಾವಿಕೆಯರು ಕ್ರೋಶಾ ಕಡ್ಡಿ ಹಿಡಿಯುವುದಾದರೆ ನಿಯಮವು ಸರಳವಾಗಿರಲಿ. ಮೊದಲು ಹೊಲಿಯುವವರನ್ನು ಗೊತ್ತುಪಡಿಸಿ ಆಮೇಲೆ ಚೌಕಗಳನ್ನು ಬೇಡಬೇಕು. ಅಳತೆ ಒಂದೇ ಇರಬೇಕು. ದೀಪಾವಳಿಗೆ ಹೆಣಿಗೆ ಮುಗಿಯಬೇಕು. ಮಾರ್ಗಶಿರಕ್ಕೆ ಒಗೆದು ಒಣಗಿಸಿದ ಹೊದಿಕೆ ಗುಡಿಸಲಿನ ಬಾಗಿಲನ್ನು ಮುಟ್ಟಬೇಕು. ವರದಿಯಲ್ಲಿ ಚೌಕಗಳ ಸಂಖ್ಯೆಯನ್ನು ಬರೆಯಕೂಡದು. ಹೊದಿಕೆ ಹೊದ್ದವರ ಸಂಖ್ಯೆಯನ್ನು ಮಾತ್ರ ಬರೆಯತಕ್ಕದ್ದು. ಆ ಸಂಖ್ಯೆ ಒಂದೇ ಆದರೂ ಸರಿಯೆ. ಪೆಟ್ಟಿಗೆಯಲ್ಲಿರುವ ಸಾವಿರ ಚೌಕಗಳಿಗಿಂತ, ನಡುಗುವ ಒಂದು ಮೈಯನ್ನು ಮುಚ್ಚಿದ ಎಪ್ಪತ್ತು ಚೌಕಗಳೇ ಹಿರಿದು.