ಮೋಟಾರಿನ ಮೀಸೆ

ಗಂಡಸಿಗೆ ಮೀಸೆ ಹೇಗೋ ಮೋಟಾರಿಗೆ ಬಂಪರು ಹಾಗೆ ಎಂದು ನಮ್ಮ ಕಡೆಯ ಜನ ತಿಳಿದಂತಿದೆ. ಕಂಪನಿಯವರು ಕೊಟ್ಟು ಕಳಿಸಿದ ಬಂಪರು ಇವರ ಲೆಕ್ಕದಲ್ಲಿ ಮೀಸೆಯೇ ಅಲ್ಲ. ಅದು ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗನ ತುಟಿಯ ಮೇಲಿನ ಕರಿಗೆರೆ. ಹೊಸ ಗಾಡಿ ಮನೆಗೆ ಬಂದು, ಕುಂಬಳಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿ ಎಂಟು ದಿನ ಕಳೆಯುವುದರೊಳಗೆ ಅದು ಬೈಲಹೊಂಗಲಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಮುಖ ಬದಲಿಸಿಕೊಂಡು ಬರುತ್ತದೆ. ಮುಂದೆ ದಪ್ಪ ಕಬ್ಬಿಣದ ಕೊಳವೆಗಳ ಗಾರ್ಡು; ಗಾರ್ಡಿನ ಮೇಲೆ ನಾಲ್ಕು ದುಂಡು ದೀಪ; ಅವೂ ಸಾಲವೆಂದು ಟಾಪಿನ ಮೇಲೆ ಒಂದು ಉದ್ದನೆಯ ಎಲ್.ಇ.ಡಿ. ಪಟ್ಟಿ. ಇಷ್ಟಾದ ಮೇಲೆ ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು ಬರೆಸಿ, 'ನೀನೇ ಕಾಪಾಡು' ಎಂದು ಆ ದೇವರಿಗೆ ಭಾರ ಹಾಕುತ್ತಾರೆ.

ನಾನು ದೇಗಾಂವದವನು. ಕಿತ್ತೂರಿನ ಸಮೀಪದ ಈ ಊರನ್ನು ನಮ್ಮ ಇತಿಹಾಸ ವಿಭಾಗದ ಗುರುಗಳು ಕಮಲನಾರಾಯಣ ದೇವಾಲಯದ ದೆಸೆಯಿಂದ ಬಲ್ಲರು. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಬಂದವರು ಹಾಗೆಯೇ ನಮ್ಮೂರ ಗುಡಿಯನ್ನೂ ನೋಡಿಕೊಂಡು ಹೋಗುವುದುಂಟು. ಅವರು ಗುಡಿ ನೋಡುತ್ತಿರುವಾಗ ನಮ್ಮಂಥ ಹುಡುಗರು ಅವರ ಗಾಡಿಗಳನ್ನು ನೋಡುತ್ತೇವೆ. ಎಂಟುನೂರು ವರುಷದ ಕೆತ್ತನೆಯನ್ನು ದಿನವೂ ನೋಡಬಹುದು. ಆರು ದೀಪದ ಗಾಡಿ ದಿನವೂ ಬರುವುದಿಲ್ಲವಲ್ಲ! ಮೀಸೆಯ ಈ ಮೋಹ ನನಗೆ ಗೊತ್ತಿಲ್ಲದ್ದೇನೂ ಅಲ್ಲವೆಂದು ತಿಳಿಯಲಿಕ್ಕೆ ಇಷ್ಟು ಹೇಳಿದೆ.

ಈ ಹುಚ್ಚನ್ನು ಬರೀ ಶೋಕಿ ಎಂದು ತಳ್ಳಿಹಾಕುವವರು ಪೇಟೆಯವರು, ಬೀದಿದೀಪದ ಕೆಳಗೆ ಓಡಾಡುವವರು. ಹಳ್ಳಿಯ ದಾರಿಯಲ್ಲಿ ರಾತ್ರಿ ಗಾಡಿ ನಡೆಸಿದವನಿಗೆ ಅದರ ಮರ್ಮ ತಿಳಿದೀತು. ಪುಣೆ–ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಒಳಗೆ ಹೊರಳಿದೊಡನೆ ಕತ್ತಲೆ ಎಂಬುದು ಕಪ್ಪು ಕಂಬಳಿಯಂತೆ ಮೈಮೇಲೆ ಬೀಳುತ್ತದೆ. ಅಂಚಿನ ಬಿಳಿಗೆರೆ ಅಳಿಸಿರುತ್ತದೆ, ಇಲ್ಲವೆ ಎಂದೂ ಇದ್ದಿರುವುದೇ ಇಲ್ಲ. ಎಮ್ಮೆಯೊಂದು ನಡುದಾರಿಯಲ್ಲಿ ಮಲಗಿರುತ್ತದೆ. ಎಮ್ಮೆಯ ಬಣ್ಣವೂ ಡಾಂಬರಿನ ಬಣ್ಣವೂ ಒಂದೇ. ಕಬ್ಬಿನ ಹಂಗಾಮು ಸುರುವಾಯಿತೆಂದರೆ ಕೇಳುವುದೇ ಬೇಡ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಟ್ರೇಲರುಗಳ ಮೇಲೆ ಮನೆಯೆತ್ತರದ ಕಬ್ಬು. ಹಿಂದೆ ಕೆಂಪು ದೀಪವಿದ್ದರೂ ಅದರ ಮೇಲೆ ಕಬ್ಬಿನ ರವದಿ ಜೋತುಬಿದ್ದಿರುತ್ತದೆ. ಇಂಥ ದಾರಿಯಲ್ಲಿ ಕುಟುಂಬವನ್ನು ಕೂಡ್ರಿಸಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಅಪರಾತ್ರಿಯಲ್ಲಿ ಮರಳುವವನು 'ಇನ್ನೆರಡು ದೀಪ ಹಾಕಿಸೋಣ' ಎಂದರೆ ನಾನು ಅವನನ್ನು ನಗಲಾರೆ.

ಆದರೆ ಗಾರ್ಡಿನ ಮಾತು ಬೇರೆ, ದೀಪದ ಮಾತು ಬೇರೆ. ನಮ್ಮ ಮಿಸ್ತ್ರಿಗಳು ಇವೆರಡನ್ನೂ ಒಂದೇ ಬೆಸುಗೆಯಲ್ಲಿ ಕೂಡಿಸಿಬಿಟ್ಟಿದ್ದಾರೆ. ಗ್ಯಾರೇಜೊಂದರಲ್ಲಿ ನಿಂತು ಕೇಳಿದ ಮಾತಿದು: "ಸಾಹುಕಾರ್ರ, ಇದನ್ನ ಹಾಕಸ್ರಿ. ಎದುರಿಗೆ ಆನಿ ಬಂದ್ರೂ ಆನೀನ ಸರದ ನಿಂದರಬೇಕು." ಆನೆ ಸರಿದು ನಿಂತೀತು. ಎದುರಿಗೆ ಬರುವುದು ಆನೆಯಲ್ಲ, ಬೇವಿನ ಮರ, ಸೇತುವೆಯ ಕಟ್ಟೆ, ತನ್ನಂತೆಯೇ ಗಾರ್ಡು ತೊಟ್ಟ ಇನ್ನೊಂದು ಗಾಡಿ. ಅವಾವೂ ಸರಿಯುವುದಿಲ್ಲ.

ಹಿಂದಿನ ಅಂಬಾಸಡರ್ ಗಾಡಿಯನ್ನು ನೋಡಿದವರಿಗೆ ಅದರ ಮುಂದಿದ್ದ ಹೊಳೆಯುವ ಉಕ್ಕಿನ ಪಟ್ಟಿ ನೆನಪಿದ್ದೀತು. ಆ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತು. ಆ ಬಗೆಯ ಬಂಪರಿನ ವಿಚಾರ ಅದಕ್ಕೂ ಮೊದಲೇ ಹಳತಾಗಿತ್ತು. ಈಗಿನ ಬಂಪರನ್ನು ಬೆರಳಿನಿಂದ ತಟ್ಟಿ 'ಪ್ಲಾಸ್ಟಿಕ್ಕು' ಎಂದು ಮೂಗು ಮುರಿಯುತ್ತೇವೆ. ನಾವು ತಟ್ಟಿದ್ದು ಬರಿಯ ತೊಗಲು. ಅದರ ಹಿಂದೆ ಲೋಹದ ತೊಲೆಯೊಂದಿದೆ. ತೊಲೆಯ ಹಿಂದೆ, ಡಿಕ್ಕಿಯಾದಾಗ ತಾವೇ ಮುದುಡಿ ಹೊಡೆತವನ್ನು ನುಂಗಬೇಕೆಂದೇ ಮಾಡಿದ ಭಾಗಗಳಿವೆ. ನಾನು ಕಲಾ ವಿಭಾಗದವನು, ಲೆಕ್ಕಕ್ಕೆ ಅಂಜುವವನು. ಆದರೂ ಇಷ್ಟು ಲೆಕ್ಕ ನನಗೂ ಬಂದಿತು. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ಮರಕ್ಕೆ ಹೊಡೆದ ಗಾಡಿಯ ಮೂತಿ ಅರ್ಧ ಮೀಟರಿನಷ್ಟು ಮುದುಡಿ ನಿಂತರೆ, ಪಟ್ಟಿ ಕಟ್ಟಿಕೊಂಡು ಒಳಗೆ ಕುಳಿತವನ ಮೇಲೆ ಅವನ ತೂಕದ ಸುಮಾರು 10 ಪಟ್ಟು ಬಲ ಬೀಳುತ್ತದೆ. ಮೂತಿ ಗಟ್ಟಿಯೆಂದು ಕಾಲು ಮೀಟರಿನಲ್ಲೇ ನಿಂತರೆ 20 ಪಟ್ಟು. ಗಾಡಿ ಉಳಿಯಿತು ಎಂದು ಹೊರಗಿನವರು ಹೊಗಳುತ್ತಿರುವಾಗ ಒಳಗೆ ಪಕ್ಕೆಲುಬು ಮುರಿದಿರುತ್ತದೆ.

ಗಾಳಿಚೀಲದ ಸಂಗತಿಯೂ ಇದೆ. 2019ರ ಜುಲೈಯಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಡ್ರೈವರನ ಮುಂದೆ ಏರ್‌ಬ್ಯಾಗು ಕಡ್ಡಾಯವಾಯಿತು. ಅದು ಯಾವಾಗ ಉಬ್ಬಬೇಕೆಂಬುದನ್ನು ಸೆನ್ಸರುಗಳು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತೀರ್ಮಾನಿಸುತ್ತವೆ. ಆ ತೀರ್ಮಾನವೆಲ್ಲ ಕಂಪನಿಯ ಮೂತಿ ಹೇಗೆ ಮುದುಡುತ್ತದೆಂಬ ಪರೀಕ್ಷೆಯ ಮೇಲೆ ನಿಂತದ್ದು. ಚಾಸಿಗೆ ನಟ್ಟು-ಬೋಲ್ಟಿನಿಂದ ಬಿಗಿದ ಹೊಸ ಕೊಳವೆ ಆ ಪರೀಕ್ಷೆಯಲ್ಲಿ ಇರಲಿಲ್ಲ. ಚೀಲ ತಡವಾಗಿ ಉಬ್ಬಿದರೆ ಉಬ್ಬಿಯೂ ಉಪಯೋಗವಿಲ್ಲ.

ಇಷ್ಟೆಲ್ಲ ಒಳಗಿನವರ ಸುಖದುಃಖ. ಹೊರಗಿನವನನ್ನು ಕೇಳುವವರು ಯಾರು? ಪ್ಲಾಸ್ಟಿಕ್ಕಿನ ಬಂಪರು ತಾಗಿದರೆ ಬಾಗುತ್ತದೆ, ಬಾನೆಟ್ಟು ತಗ್ಗುತ್ತದೆ. ಕಬ್ಬಿಣದ ಕೊಳವೆ ಬಾಗುವುದಿಲ್ಲ. ಅದರ ಎತ್ತರವನ್ನು ಒಮ್ಮೆ ಅಳೆದು ನೋಡಿರಿ: ದೊಡ್ಡವರ ತೊಡೆಗೆ ಬರುತ್ತದೆ, ಶಾಲೆಗೆ ಹೋಗುವ ಮಗುವಿನ ಎದೆಗೆ ಬರುತ್ತದೆ. ಆಸ್ಟ್ರೇಲಿಯದಲ್ಲಿ ಕಾಂಗರೂಗಳ ಹಾವಳಿಗೆಂದು ಇಂಥ ಗಾರ್ಡುಗಳನ್ನು ಬಹಳವಾಗಿ ಹಾಕುತ್ತಾರೆ. ಅಲ್ಲಿ ನೂರಾರು ಮೈಲಿ ಮನುಷ್ಯನ ಸುಳಿವಿರದ ದಾರಿಗಳುಂಟು. ನಮ್ಮಲ್ಲಿ ಅರ್ಧ ಮೈಲಿಗೊಬ್ಬ ಮನುಷ್ಯ, ಅವನೂ ದಾರಿಯ ಮೇಲೆಯೇ. ಯೂರೋಪದ ಒಕ್ಕೂಟವು ಕಾಲ್ನಡೆಯವರನ್ನು ಲಕ್ಷ್ಯದಲ್ಲಿಟ್ಟುಕೊಂಡು 2005ರಲ್ಲಿಯೇ ಇಂಥ ಗಾರ್ಡುಗಳಿಗೆ ಪರೀಕ್ಷೆಯ ಕಟ್ಟು ಹಾಕಿತು. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಇವು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೆ ವಿರುದ್ಧ, ಕ್ರಮ ಜರುಗಿಸಿರಿ ಎಂದು ಸೂಚಿಸಿತು. 2019ರ ತಿದ್ದುಪಡಿಯಲ್ಲಿ, ಕಾಯಿದೆ ಒಪ್ಪದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ ಎಂದಾಯಿತು. ಕಾಯಿದೆ ಇದ್ದೂ ಗಾರ್ಡುಗಳು ಮೆರೆಯುತ್ತಿವೆ. ದೊಡ್ಡವರ ಗಾಡಿಗೆ ಇರುವುದನ್ನು ಕಂಡೇ ಚಿಕ್ಕವರು ಹಾಕಿಸುತ್ತಾರೆ. ಇದರ ಮೇಲೆ ಹೆಚ್ಚು ಬರೆದರೆ ಸಂಪಾದಕರು ಕತ್ತರಿ ಹಾಕಿಯಾರು.

ಇನ್ನು ದೀಪ. ಇದರ ವಿಷಯದಲ್ಲಿ ನನ್ನ ಮನಸ್ಸು ಮೆತ್ತಗಿದೆ. ಲೆಕ್ಕ ನೋಡಿದರೆ ಡ್ರೈವರನ ದೂರು ನಿಜವೇ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎಮ್ಮೆ ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲುವ ಹೊತ್ತಿಗೆ ಹತ್ತಿರ ಹತ್ತಿರ 75 ಮೀಟರ್ ಬೇಕು. ಡಿಪ್ಪರಿನ ಬೆಳಕು ನಿಚ್ಚಳವಾಗಿ ತೋರಿಸುವುದು ಹೆಚ್ಚುಕಡಿಮೆ 50 ಮೀಟರ್. ಉಳಿದ 25 ಮೀಟರ್ ದೇವರ ಪಾಲು. ವೇಗ ಇಳಿಸುವುದು ಇದಕ್ಕೆ ಖರ್ಚಿಲ್ಲದ ಮದ್ದು. ಖರ್ಚಿಲ್ಲದ ಮದ್ದನ್ನು ಯಾರೂ ಕುಡಿಯುವುದಿಲ್ಲವಾದ ಕಾರಣ ದೀಪ ಹಾಕಿಸುತ್ತಾರೆ.

ಹಾಕಿಸುವವರು ಸರಿಯಾಗಿಯಾದರೂ ಹಾಕಿಸಲಿ. 100 ವ್ಯಾಟಿನ ಎರಡು ದೀಪ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 17 ಆಂಪಿಯರ್ ಎಳೆಯುತ್ತವೆ. ಇದ್ದ ಹೆಡ್‌ಲೈಟಿನ ತೆಳು ವಾಯರಿಗೆ ಇವನ್ನು ಗಂಟು ಹಾಕಿದರೆ ವಾಯರು ಕಾದು, ಮೇಲಿನ ಪ್ಲಾಸ್ಟಿಕ್ಕು ಕರಗಿ, ಗಾಡಿ ತಾನೇ ಪಂಜಾಗುತ್ತದೆ. ಬ್ಯಾಟರಿಯಿಂದ ದಪ್ಪ ವಾಯರು, ಬ್ಯಾಟರಿಯ ಮಗ್ಗುಲಲ್ಲೇ ಒಂದು ಫ್ಯೂಜು, ನಡುವೆ ಒಂದು ರಿಲೇ—ಇಷ್ಟಿರಬೇಕು. ರಿಲೇ ಎಂಬುದು ಮನೆಯ ಯಜಮಾನನಿದ್ದಂತೆ: ಒಳಗಿನ ಸ್ವಿಚ್ಚು ಮೆಲ್ಲಗೆ ಒಂದು ಮಾತು ಹೇಳಿದರೆ ಸಾಕು, ಭಾರದ ಕೆಲಸವನ್ನೆಲ್ಲ ತಾನು ಹೊತ್ತುಕೊಳ್ಳುತ್ತದೆ. ಅದರ ಬುಡದಲ್ಲಿ 30, 85, 86, 87 ಎಂದು ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿ, 87ಕ್ಕೆ ದೀಪ, ಉಳಿದೆರಡಕ್ಕೆ ಸ್ವಿಚ್ಚು ಮತ್ತು ಅರ್ಥು. ಇದನ್ನು ಬಲ್ಲ ಮಿಸ್ತ್ರಿ ಮತ್ತು ಬಾರದ ಮಿಸ್ತ್ರಿ ಒಂದೇ ಓಣಿಯಲ್ಲಿ ಕುಳಿತಿರುತ್ತಾರೆ, ಗಿರಾಕಿ ಕೇಳುವುದು ಮಾತ್ರ "ಎಷ್ಟಕ್ಕ ಮಾಡ್ತೀರಿ?" ಎಂಬೊಂದೇ ಪ್ರಶ್ನೆ.

ವಾಯರಿಗಿಂತ ದೊಡ್ಡ ಸಂಗತಿ ಬೆಳಕಿನ ದಿಕ್ಕು. ಮಂಜಿಗಾಗಿ ಹಾಕುವ ದೀಪವನ್ನು ತಗ್ಗಿನಲ್ಲಿ, ಬಂಪರಿನ ಕೆಳಭಾಗದಲ್ಲಿ ಹಾಕಬೇಕು; ಎತ್ತರದಲ್ಲಿ ಹಾಕಿದರೆ ಮಂಜು ಆ ಬೆಳಕನ್ನು ತಿರುಗಿಸಿ ಹಾಕಿದವನ ಕಣ್ಣಿಗೇ ಎಸೆಯುತ್ತದೆ. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಬಟ್ಟಲಿನಲ್ಲಿ ಎಲ್.ಇ.ಡಿ. ತುರುಕಿದರೂ ಇದೇ ಗತಿ. ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ಬಟ್ಟಲು ಅದನ್ನು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಹಿಂದೆ ಹತ್ತು ಜನ, ನಾಲ್ಕು ಗಂಟು ಹೇರಿದ ಗಾಡಿಯ ಮೂತಿ ಮೇಲಕ್ಕೇಳುತ್ತದೆಂಬುದನ್ನಂತೂ ಯಾರೂ ಎಣಿಸುವುದಿಲ್ಲ. ಜಾತ್ರೆಯ ಗಾಡಿಗಳ ಡಿಪ್ಪರು ಕೂಡ ಎದುರಿನವರ ಹಣೆಗೇ ಬರುವುದು ಇದರಿಂದ. ಸಂಜೆಯ ಹೊತ್ತು ಗಾಡಿಯನ್ನು ಗೋಡೆಯಿಂದ 10 ಮೀಟರ್ ದೂರ ಸಮನೆಲದಲ್ಲಿ ನಿಲ್ಲಿಸಿ, ಡಿಪ್ಪರಿನ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಒಂದು ಗೇಣಿನ ಅರ್ಧದಷ್ಟಾದರೂ ಕೆಳಗಿದೆಯೋ ಎಂದು ನೋಡಿದರೆ ತೀರಿತು. ಖಡುವಿನ ಗೆರೆಯೊಂದೇ ಇದರ ಖರ್ಚು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದೊಂದಿದೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವನಿಗೆ ಬೆಳಕು ಕುಕ್ಕದಂತೆ ದೀಪ ಕೆಳಮೊಗವಾಗಿರಬೇಕೆಂದು ಅದರ ತಾತ್ಪರ್ಯ. ಈ ನಿಯಮ ಬರೆದವನು ಸೈಕಲ್ಲಿನ ಮೇಲೆ ಊರಿಗೆ ಹೋಗುತ್ತಿದ್ದಿರಬೇಕು ಎಂದು ನನ್ನ ಊಹೆ. ಆ ಎತ್ತರ ಸೈಕಲ್ಲಿನವನ ಕಣ್ಣಿನ ಎತ್ತರಕ್ಕೆ ಹತ್ತಿರ. ನಮ್ಮ ರಾಜ್ಯದ ಪೊಲೀಸರು 2024ರ ಜುಲೈ 1ರಿಂದ ಕಣ್ಣು ಕುಕ್ಕುವ ದೀಪಗಳವರ ಮೇಲೆ ಮೊಕದ್ದಮೆ ಹೂಡಲು ತೊಡಗಿದ್ದು ಯೋಗ್ಯವೇ ಆಯಿತು. ಒಮ್ಮೆ ಕುಕ್ಕಿದ ಕಣ್ಣು ತಿಳಿಯಾಗಲು ಮೂರು ಸೆಕೆಂಡು ಹಿಡಿಯಿತೆಂದುಕೊಂಡರೂ, ಗಂಟೆಗೆ 60ರ ವೇಗದಲ್ಲಿ ಎದುರಿನವನು 50 ಮೀಟರ್ ಕುರುಡನಾಗಿ ಓಡಿರುತ್ತಾನೆ. ಆ ಕುರುಡ ಬರುತ್ತಿರುವುದು ನಮ್ಮ ಕಡೆಗೇ.

ಇಲ್ಲಿಗೆ ನಾನು ಹೇಳಬೇಕೆಂದ ಮಾತಿಗೆ ಬಂದೆ. ನಮ್ಮ ದಾರಿಗಳಲ್ಲಿ ಬೆಳಕಿನ ಬರವಿಲ್ಲ. ಬೆಳಕು ಇರಬೇಕಾದಲ್ಲಿ ಇಲ್ಲ. ಬಲಿಷ್ಠನ ಮುಂದೆ ಆರು ದೀಪ, ಬಡವನ ಹಿಂದೆ ಒಂದೂ ಇಲ್ಲ. ಹಿಂದೆ ಚಕ್ಕಡಿಯ ಕೆಳಗೆ ಕಂದೀಲು ತೂಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಆ ಕಂದೀಲಿನಿಂದ ಗಾಡಿ ಹೊಡೆಯುವವನಿಗೆ ದಾರಿ ಎಷ್ಟು ಕಂಡೀತು? ಎತ್ತಿಗೆ ದಾರಿ ಗೊತ್ತೇ ಇತ್ತು. ಅದು ತೂಗುತ್ತಿದ್ದುದು 'ನಾನಿಲ್ಲಿದ್ದೇನೆ' ಎಂದು ಇತರರಿಗೆ ಹೇಳಲಿಕ್ಕೆ. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದಿತು, ಕಂದೀಲಿನ ಜಾಗಕ್ಕೆ ಏನೂ ಬರಲಿಲ್ಲ. ಎದುರಿನಿಂದ ಬರುವ ಎತ್ತಿನ ಕಣ್ಣು ಬೆಳಕು ಬಿದ್ದರೆ ಹೊಳೆಯುತ್ತದೆ. ಕಬ್ಬಿನ ಟ್ರೇಲರಿನ ಬೆನ್ನಿಗೆ ಕಣ್ಣಿಲ್ಲ. ಅದಕ್ಕೆ ಕಣ್ಣು ಬಂದರೆ ಹಿಂದಿನ ಗಾಡಿಗೆ ನಾಲ್ಕು ದೀಪದ ಅವಶ್ಯಕತೆಯೂ ಅರ್ಧಕ್ಕರ್ಧ ಇಳಿದೀತು. ಹೊಳೆಯುವ ಪಟ್ಟಿಗೆ ಬ್ಯಾಟರಿ ಬೇಡ, ರಿಲೇ ಬೇಡ. ಬಂದ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುವುದು ಅದರ ಗುಣ. ಡಿಪ್ಪರಿನ ಬೆಳಕು ನೆಲವನ್ನು ತೋರಿಸಲಾರದಷ್ಟು ದೂರದಿಂದಲೂ ಅದು ಕಾಣುತ್ತದೆ.

ಕಾನೂನು ಟ್ರೇಲರಿಗೂ ಹಿಂದೆ ಕೆಂಪು ದೀಪ, ಪ್ರತಿಫಲಕ ಇರಬೇಕೆನ್ನುತ್ತದೆ. ಇರುತ್ತವೆ ಕೂಡ, ಕಬ್ಬು ಹೇರುವವರೆಗೆ. ಹೇರಿದ ಮೇಲೆ ಅವು ಮುಚ್ಚಿಹೋಗುವುದರಿಂದ ಪಟ್ಟಿಯನ್ನು ಟ್ರೇಲರಿಗೆ ಅಂಟಿಸಿ ಫಲವಿಲ್ಲ. ಒಂದು ಹಲಗೆಗೆ ಅಂಟಿಸಿ, ಹಗ್ಗ ಪೋಣಿಸಿ, ಹೇರು ಮುಗಿದ ಮೇಲೆ ಹಿಂದಿನ ಕಟ್ಟಿಗೆ ನೇತುಹಾಕುವುದು ಲೇಸು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ವರುಷವೂ ಶಿಬಿರ ಹೂಡುತ್ತಾರೆ, ಗಿಡ ನೆಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಸಲದ ಶಿಬಿರದಲ್ಲಿ ಹಂಗಾಮಿಗೆ ಮೊದಲು ಇಂಥ ನೂರು ಹಲಗೆ ಮಾಡಬಾರದೇಕೆ? "ಡ್ರಾಯವ್ಹರಗೋಳು ಎರಡ ದಿನಕ್ಕ ಒಗದ ಬಿಡ್ತಾರ" ಎಂದು ಗೆಳೆಯನೊಬ್ಬ ಈಗಾಗಲೇ ತಕರಾರು ತೆಗೆದಿದ್ದಾನೆ. ಒಗೆದಾರು. ಆದರೆ ಕಾರ್ಖಾನೆಯ ಕಾಟಾದ ಮೇಲೆ ಹಾಯದೆ ಯಾವ ಟ್ರೇಲರೂ ಕಬ್ಬು ಇಳಿಸಲಾರದು. ತೂಕದ ಚೀಟಿ ಹರಿದುಕೊಡುವವನು ಚೀಟಿಗೆ ಮೊದಲು ಹಲಗೆ ತೋರಿಸು ಎಂದು ಕೇಳುವಂತಾದರೆ, ಮರುದಿನ ಪ್ರತಿಯೊಂದು ಹೇರಿನ ಬೆನ್ನಿಗೂ ಅದು ತೂಗುತ್ತಿರುತ್ತದೆ. ಅದಕ್ಕೆ ಕಾರ್ಖಾನೆಯವರ ಒಪ್ಪಿಗೆ ಬೇಕು. ಅರ್ಜಿಯನ್ನು ನಾನು ಬರೆದಿಟ್ಟಿದ್ದೇನೆ. ಸಹಿ ಹಾಕುವವರು ವಾಚನಾಲಯದಲ್ಲಿ ನನ್ನನ್ನು ಕಾಣಬಹುದು.