ಬೀಡಿ ಸೇದೋಕೆ ಕಲಿಸುವವರು ಊರ ತುಂಬ, ಇನ್‌ಹೇಲರ್ ಕಲಿಸಲು ಒಬ್ಬರೂ ಇಲ್ಲ

ನಮ್ಮ ಹಳ್ಳಿಗಳಲ್ಲಿ ಹುಡುಗನೊಬ್ಬ ಬೀಡಿ ಸೇದುವುದನ್ನು ಕಲಿಯಬೇಕು ಅಂದರೆ ಮೇಷ್ಟ್ರಿಗೆ ಬರವಿಲ್ಲ. ಕಡ್ಡಿ ಗೀರಿ ಕೊಡುವವನೊಬ್ಬ, "ಹಿಂಗ ಎಳಿ, ಒಳಗ ತಗೊ, ತಡಿ, ಈಗ ಬಿಡು" ಎಂದು ಹೇಳಿಕೊಡುವವನೊಬ್ಬ, ಕೆಮ್ಮಿದರೆ ಬೆನ್ನು ತಟ್ಟುವವನು ಮತ್ತೊಬ್ಬ. ಇ-ಸಿಗರೇಟಿನ ಕಥೆಯೂ ಅಷ್ಟೆ. ಕರ್ನಾಟಕ ಅದನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಆದರೂ ಕದ್ದು ತಂದವನಿಗೆ ಅದನ್ನು ಹೇಗೆ ಎಳೆಯಬೇಕು ಎಂದು ತೋರಿಸಲು ಗೆಳೆಯರಿದ್ದಾರೆ.

ಎದೆ ಕೆಡಿಸುವ ವಸ್ತುವಿಗೆ ಇಷ್ಟೊಂದು ಪಾಠ. ಅದೇ ಎದೆಯನ್ನು ಉಳಿಸುವ ಇನ್‌ಹೇಲರ್, ಅಂದರೆ ನಮ್ಮ ಜನ 'ದಮ್ಮಿನ ಪಂಪ್' ಅನ್ನುವ ಆ ಸಣ್ಣ ಡಬ್ಬಿಯನ್ನು ಕೈಗಿಟ್ಟು ಮನೆಗೆ ಕಳಿಸುವಾಗ ಒಂದು ನಿಮಿಷದ ಪಾಠವೂ ಇಲ್ಲ. ಚೀಟಿ ಬರೆದವರು ಔಷಧಿ ಅಂಗಡಿಯವರು ಹೇಳ್ತಾರೆ ಅಂದುಕೊಳ್ಳುತ್ತಾರೆ. ಅಂಗಡಿಯವರು ಡಾಕ್ಟರು ಹೇಳಿರ್ತಾರೆ ಅಂದುಕೊಳ್ಳುತ್ತಾರೆ. ಡಬ್ಬಿಯೊಳಗಿನ ಚೀಟಿ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಕೊನೆಗೆ ಕಲಿಸುವ ಕೆಲಸ ಓಣಿಯಲ್ಲಿ ನಾಲ್ಕಕ್ಷರ ಓದಿದವರ ತಲೆಗೆ ಬೀಳುತ್ತದೆ. ನನ್ನ ತಲೆಗೂ ಬಿದ್ದಿದೆ. ಸುದ್ದಿಗೆಂದು ಹೋದ ಮನೆಗಳಲ್ಲೂ "ಇದನ್ನೊಂಚೂರು ನೋಡ್ರಿ" ಎಂದು ಪಂಪ್ ತಂದು ಮುಂದಿಡುತ್ತಾರೆ.

ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಬ್ಬರು ಪಂಪನ್ನು ನಾಲಿಗೆ ಮೇಲೆ ಹೊಡೆದುಕೊಂಡು ನುಂಗುತ್ತಿದ್ದರು. ಇನ್ನೊಬ್ಬರು ಸೆಂಟ್ ಹೊಡೆದಂತೆ ಎದೆಯ ಮೇಲೆ ಹೊಡೆದುಕೊಳ್ಳುತ್ತಿದ್ದರು. ಪುಡಿ ತುಂಬಿದ ಕ್ಯಾಪ್ಸೂಲನ್ನು ಯಂತ್ರಕ್ಕೆ ಹಾಕಿ ಎಳೆಯುವ ಬದಲು ನೀರಿನ ಜೊತೆ ನುಂಗುವವರಂತೂ ಊರಿಗೊಬ್ಬರು ಸಿಗುತ್ತಾರೆ. ಆ ಕ್ಯಾಪ್ಸೂಲ್ ಮಾತ್ರೆಯಂತೆಯೇ ಕಾಣುತ್ತದೆ. ಇದು ನುಂಗುವುದಲ್ಲ ಎಂದು ಯಾರೂ ಹೇಳದಿದ್ದರೆ ಅವರಾದರೂ ಏನು ಮಾಡಬೇಕು?

ಎಲ್ಲಕ್ಕಿಂತ ನೋವಾಗಿದ್ದು ಒಬ್ಬ ಅಜ್ಜಿಯ ಮಾತು. ಅವರು ಪಂಪಿಗೆ ಬಾಯಿ ಹಚ್ಚಿ ಜೋರಾಗಿ ಗಾಳಿ ಊದುತ್ತಿದ್ದರು. ಯಾಕಮ್ಮ ಅಂದರೆ, "ಊದ್ರಿ ಅಂದಾರ, ಊದಾಕತ್ತೀನಿ" ಅಂದರು. ತಪ್ಪು ಯಾರದು? ನಾವೆಲ್ಲ 'ಪಂಪ್ ಊದೋದು' ಅಂತಲೇ ಅನ್ನುತ್ತೇವೆ. ಊದುವುದೆಂದರೆ ಆ ಅಜ್ಜಿಗೆ ಒಂದೇ ಅರ್ಥ: ಊದುಗೊಳವೆ. ಹಸಿ ಕಟ್ಟಿಗೆಯ ಒಲೆಯನ್ನು ಜೀವನವಿಡೀ ಊದಿ ಊದಿ ದಮ್ಮು ಹಚ್ಚಿಕೊಂಡವರಿಗೆ, ಅದರ ಔಷಧಿಯನ್ನೂ ಊದು ಎಂದು ಹೇಳಿ ಕಳಿಸಿದ್ದೇವೆ. ಈ ಪದವನ್ನು ಮೊದಲು ಬಿಡೋಣ. ಇನ್‌ಹೇಲರನ್ನು ಊದುವುದಲ್ಲ, ಎಳೆಯುವುದು.

ಕಲಿಸಲು ಕುಳಿತವರಿಗೆ ತಾಳ್ಮೆ ಕೆಡುತ್ತದೆ, ಅದು ನಿಜ. ಗುಂಡಿ ಒತ್ತುವುದು ಮೊದಲಾಗುತ್ತದೆ, ಉಸಿರು ಆಮೇಲೆ ಬರುತ್ತದೆ. ಉಸಿರು ಸರಿಯಾದರೆ ಮುಪ್ಪಿನ ಬೆರಳಿಗೆ ಒತ್ತಲು ಬಲವಿಲ್ಲ. ಎರಡೂ ಸರಿಯಾದ ದಿನ, "ಬಾಯಿಗೆ ಏನೂ ಹತ್ತಲಿಲ್ಲ, ಇದರಾಗ ಔಷಧಿನೇ ಇಲ್ಲ" ಎಂದು ಪಂಪ್ ಬದಿಗಿಡುತ್ತಾರೆ. ಬಾಯಿಗೆ ಹತ್ತದಿದ್ದರೆ ಒಳ್ಳೆಯದೇ, ಅದು ಎದೆಗೆ ಹೋಗಿದೆ ಎಂದು ಬಿಡಿಸಿ ಹೇಳಬೇಕು. ಅಷ್ಟರಲ್ಲಿ ಮುಂದಿನ ಭೇಟಿಯಲ್ಲಿ ಡಾಕ್ಟರು ಯಂತ್ರವನ್ನೇ ಬದಲಿಸಿರುತ್ತಾರೆ. ಗ್ಯಾಸಿನ ಪಂಪನ್ನು ನಿಧಾನಕ್ಕೆ ಎಳೆಯಬೇಕು, ಪುಡಿಯ ಯಂತ್ರವನ್ನು ಜೋರಾಗಿ ಎಳೆಯಬೇಕು. ಒಂದಕ್ಕೆ ಕಲಿತದ್ದು ಇನ್ನೊಂದಕ್ಕೆ ತಪ್ಪು. ಇದನ್ನೂ ಯಾರೂ ಹೇಳಿರುವುದಿಲ್ಲ.

ಇಲ್ಲಿಗೆ ಬಂದಾಗ ಓದಿದವರ ಬಾಯಲ್ಲಿ ಒಂದು ಮಾತು ಸಿದ್ಧವಿರುತ್ತದೆ: "ಹಳ್ಳಿ ಜನ, ಎಷ್ಟು ಹೇಳಿದರೂ ತಿಳಿಯೋದಿಲ್ಲ." ಇದು ಸುಳ್ಳು. ಅಸ್ತಮಾಕ್ಕೆ ಜಗತ್ತಿನ ವೈದ್ಯರೆಲ್ಲ ನೋಡುವ ಮಾರ್ಗಸೂಚಿಯನ್ನು ರೂಪಿಸುವ 'ಜೀನಾ' ಸಂಸ್ಥೆಯೇ ಹೇಳುವಂತೆ, ಇನ್‌ಹೇಲರ್ ಬಳಸುವವರಲ್ಲಿ ಶೇ 70ರಿಂದ 80ರವರೆಗೆ ಜನ ಅದನ್ನು ಸರಿಯಾಗಿ ಬಳಸುವುದಿಲ್ಲ. ಇದು ಜಗತ್ತಿನ ಮಾತು, ನಮ್ಮೂರಿನದಲ್ಲ. ಸರಿಯಾಗಿ ತೋರಿಸಿಕೊಡಲು ಬಾರದ ವೈದ್ಯ ಸಿಬ್ಬಂದಿಯೂ ಬಹಳ ಇದ್ದಾರೆ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ.

ಇನ್ನು ನಮ್ಮ ರೈತನನ್ನು ನೋಡಿ. ಬೆನ್ನಿಗೆ ಸ್ಪ್ರೇ ಪಂಪ್ ಕಟ್ಟಿಕೊಂಡು, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ನಾಜಲ್ ತಿದ್ದಿ ಔಷಧಿ ಹೊಡೆಯುತ್ತಾನೆ. ಅವನಿಗೆ ಇದು ಬಂದದ್ದು ಹೇಗೆ? ಮಾರಿದವನು ನೀರು ತುಂಬಿ, ಹೊಡೆದು ತೋರಿಸಿ, ಅವನ ಕೈಯಿಂದಲೂ ಹೊಡೆಸಿ ಕಳಿಸಿದ್ದಾನೆ. ಹತ್ತಿ ಗಿಡಕ್ಕೆ ಹೊಡೆಯುವ ಪಂಪಿಗೆ ಇರುವ ಮರ್ಯಾದೆ ಮನುಷ್ಯನ ಎದೆಗೆ ಹೊಡೆಯುವ ಪಂಪಿಗೆ ಇಲ್ಲ. ನನ್ನ ತಕರಾರು ಇಷ್ಟೇ.

ಕಲಿಸದೇ ಇರುವುದರ ಬೆಲೆ ಸಣ್ಣದಲ್ಲ. ಔಷಧಿ ಗಂಟಲಿಗೆ ಹೋಗಿ ಎದೆಗೆ ಹೋಗದಿದ್ದರೆ ದಮ್ಮು ಇಳಿಯುವುದಿಲ್ಲ. ಆಗ ಜನ ತಮ್ಮ ಕೈಯನ್ನು ದೂರುವುದಿಲ್ಲ, ಪಂಪನ್ನು ದೂರುತ್ತಾರೆ. ಮೆಣಸಿನಕಾಯಿ ಘಾಟಿಗೋ ಮೆಕ್ಕೆಜೋಳದ ಧೂಳಿಗೋ ರಾತ್ರಿ ಉಸಿರು ಕಟ್ಟಿದಾಗ ಬಾಡಿಗೆ ಗಾಡಿ ಮಾಡಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡುತ್ತಾರೆ. ಸೂಜಿ, ನೆಬುಲೈಸರ್, ಸ್ಟಿರಾಯ್ಡ್ ಮಾತ್ರೆ. ಆ ಮಾತ್ರೆಯನ್ನು ಬಹಳ ಕಾಲ ನುಂಗಿದರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಒಂದು ದಿನದ ದುಡಿಮೆಯೂ ಹೋಗುತ್ತದೆ, ಮರುವಾರ ಮತ್ತೆ ಅದೇ ಓಟ.

ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿಗೆ ಹೋಗಿ ಔಷಧಿ ತುಂಬಿದ ಜೀವಂತ ಮೀನು ನುಂಗಿ ಬರುವವರೂ ನಮ್ಮಲ್ಲಿದ್ದಾರೆ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಅವರನ್ನು ನೋಡಿ ನಗುವ ಮೊದಲು ಒಂದು ಯೋಚಿಸಿ. ಅಲ್ಲಿ ಕೊಡುವವರು ತಮ್ಮ ಕೈಯಿಂದಲೇ ಬಾಯಿಗೆ ಹಾಕಿ, ನುಂಗಿಸಿ ಕಳಿಸುತ್ತಾರೆ. ಪುರಾವೆ ಇರುವ ಔಷಧಿ ಕೊಡುವವರು ಕೈಗೆ ಡಬ್ಬಿ ಇಟ್ಟು "ನೆಕ್ಸ್ಟ್" ಅನ್ನುತ್ತಾರೆ.

ಕಲಿಸದ ಜಾಗದಲ್ಲಿ ಸುಳ್ಳು ಬೆಳೆಯುತ್ತದೆ. "ಪಂಪ್ ಹಿಡಿದರೆ ಮುಗೀತು, ಚಟ ಆಗುತ್ತೆ", "ಅದು ಕೊನೇ ಸ್ಟೇಜಿನವರಿಗೆ", "ಹುಡುಗಿ ಪಂಪ್ ತಗೋತಾಳಂತೆ, ಸಂಬಂಧ ಬೇಡ." ಲೆಕ್ಕ ಕೇಳಿ. ಉಸಿರಿನ ಕೊಳವೆ ಬಿಚ್ಚುವ ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಔಷಧಿ ಇರುತ್ತದೆ. ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆ 40 ಒತ್ತಿಗೆ ಸಮ. ಮಾತ್ರೆ ಮೈಯೆಲ್ಲ ಸುತ್ತಿ ಎದೆಗೆ ಬರಬೇಕು, ಪಂಪಿನ ಔಷಧಿ ನೇರ ಎದೆಗೇ ಹೋಗುತ್ತದೆ. ಅದಕ್ಕೇ ಇಷ್ಟು ಕಡಿಮೆ ಸಾಕು. ಆದರೆ ದಮ್ಮು ಬಂದಾಗ ಕೊಳವೆ ಬಿಚ್ಚುವ ಪಂಪೇ ಬೇರೆ, ಒಳಗಿನ ಬಾವು ಇಳಿಸಲು ದಿನವೂ ತೆಗೆದುಕೊಳ್ಳುವ ಪಂಪೇ ಬೇರೆ. ಅಸ್ತಮಾ ಇರುವವರು ಬರೀ ಮೊದಲನೆಯದನ್ನೇ ನಂಬಿ ಕೂರುವುದು ಅಪಾಯ ಎಂದು ಜೀನಾ 2019ರಿಂದಲೇ ಹೇಳುತ್ತಿದೆ. ಆರಾಮ ಅನಿಸಿತು ಎಂದು ಎರಡನೆಯದನ್ನು ನೀವಾಗಿಯೇ ನಿಲ್ಲಿಸಬಾರದು.

"ಒಂದು ದಿನಕ್ಕೆ ನೂರಾರು ರೋಗಿಗಳು ಬರ್ತಾರೆ, ಪ್ರತಿಯೊಬ್ಬರಿಗೂ ಕಲಿಸುತ್ತ ಕೂರೋಕೆ ಆಗುತ್ತಾ?" ಎಂದು ಡಾಕ್ಟರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಾಕ್ಟರೇ ಕಲಿಸಲಿ ಎಂದು ನಾನು ಅನ್ನುತ್ತಿಲ್ಲ. ನರ್ಸ್ ಇದ್ದಾರೆ, ಫಾರ್ಮಸಿಸ್ಟ್ ಇದ್ದಾರೆ, ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಐದು ನಿಮಿಷದ ಕೆಲಸ ಇದು. ಅದೇ ರೋಗಿ ತಿಂಗಳಿಗೆ ಮೂರು ಸಲ ದಮ್ಮು ಹಚ್ಚಿಕೊಂಡು ಬಂದರೆ ಎಷ್ಟು ಐದು ನಿಮಿಷ ಹೋಗುತ್ತದೆ?

ಆಗಬೇಕಾದದ್ದು ಕಷ್ಟದ್ದೇನಲ್ಲ. ಪ್ರತಿ ಪಿಎಚ್‌ಸಿಯಲ್ಲಿ ಔಷಧಿಯಿಲ್ಲದ ಒಂದು ಮಾದರಿ ಪಂಪ್ ಇರಲಿ, ತೋರಿಸಿ ಕಲಿಸಲು. ಡಬ್ಬಿಯೊಳಗೆ ಕನ್ನಡದಲ್ಲಿ, ಚಿತ್ರವಿರುವ ಚೀಟಿ ಇರಲಿ. ಸಾಲ್ಬುಟಮಾಲ್, ಬುಡೆಸೊನೈಡ್ ಇನ್‌ಹೇಲರ್‌ಗಳು 2022ರ ರಾಷ್ಟ್ರೀಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿದ್ದರೆ ಸಾಲದು, ಹಳ್ಳಿಯ ಆಸ್ಪತ್ರೆಯ ಕಪಾಟಿನಲ್ಲೂ ಇರಬೇಕು. ಮುದುಕರಿಗೆ, ಮಕ್ಕಳಿಗೆ ಪಂಪಿನ ಜೊತೆ ಸ್ಪೇಸರ್ ಕೊಡಬೇಕು. ಸ್ಪೇಸರ್ ಅಂದರೆ ಪಂಪಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ. ಔಷಧಿ ಅದರಲ್ಲಿ ನಿಲ್ಲುತ್ತದೆ, ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ತಪ್ಪಿದರೂ ನಡೆಯುತ್ತದೆ.

ಸರ್ಕಾರ ಎಚ್ಚರಾಗುವವರೆಗೆ ಇದನ್ನು ಮನೆಯಲ್ಲಿ ಓದಿ ಹೇಳಿ. ಗ್ಯಾಸಿನ ಪಂಪಾದರೆ ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಿ. ನೆಟ್ಟಗೆ ಕೂತು, ಉಸಿರನ್ನು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎಳೆಯಲು ಶುರು ಮಾಡಿ, ಆಗಲೇ ಒಮ್ಮೆ ಒತ್ತಿ, ಎಳೆಯುತ್ತಲೇ ಇರಿ. ಹತ್ತು ಎಣಿಸುವವರೆಗೆ, ಆಗದಿದ್ದರೆ ಆದಷ್ಟು ಹೊತ್ತು, ಉಸಿರು ಹಿಡಿಯಿರಿ. ಇನ್ನೊಮ್ಮೆ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಪುಡಿಯ ಯಂತ್ರವಾದರೆ ಅದರೊಳಗೆ ಉಸಿರು ಬಿಡಬೇಡಿ, ಪುಡಿ ಹಸಿಯಾಗುತ್ತದೆ. ಜೋರಾಗಿ, ಆಳವಾಗಿ ಒಮ್ಮೆಲೇ ಎಳೆದು ಉಸಿರು ಹಿಡಿಯಿರಿ. ಸ್ಟಿರಾಯ್ಡ್ ಇರುವ ಪಂಪ್ ತೆಗೆದುಕೊಂಡ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬೆಳ್ಳಗೆ ಹುಣ್ಣಾಗಬಹುದು.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿಯ ಜೊತೆ ಪಂಪನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ನಾಚಬೇಡಿ. "ನಾ ತಗೊಂಡು ತೋರಸ್ತೀನ್ರಿ, ಸರಿ ಐತೇನ ನೋಡ್ರಿ" ಅನ್ನಿ. ನೋಡಲು ಪುರಸೊತ್ತಿಲ್ಲ ಅಂದರೆ, ಯಾರು ನೋಡುತ್ತಾರೆ ಎಂದು ಕೇಳಿ. ಅವರು ಹೆಸರು ಹೇಳುವವರೆಗೆ ಬಾಗಿಲು ಬಿಟ್ಟು ಕದಲಬೇಡಿ.