ಫರ್ಮ್‌ವೇರ್‌ಗೂ ಬೇಕು ಶಟ್‌ಡೌನ್ ಶಿಸ್ತು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುಣ್ಣದ ಕಲ್ಲಿನ ಸೀಮೆ. ಇಲ್ಲಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಕಿಲ್ನ್ ಎಂಬ ತಿರುಗುವ ಕುಲುಮೆಯೊಳಗಿನ ಸರಕು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಾದ ಕಿಲ್ನ್ ತಿರುಗದೆ ನಿಂತರೆ ಉಕ್ಕಿನ ಕವಚವೇ ಬಾಗುತ್ತದೆ. ಹಾಗಾಗಿ ಕರೆಂಟ್ ಹೋದರೂ ಅದನ್ನು ತಿರುಗಿಸಲು ಬೇರೆ ಎಂಜಿನ್ ಇರುತ್ತದೆ. ಕಿಲ್ನ್ ಒಳಪದರದ ಇಟ್ಟಿಗೆ ಬದಲಿಸುವ ಶಟ್‌ಡೌನ್ ಮೊದಲೇ ನಿಗದಿಯಾಗಿರುತ್ತದೆ. ಈ ಶಿಸ್ತು ಇಲ್ಲಿನ ಕಾರ್ಖಾನೆ, ಆಸ್ಪತ್ರೆ, ಬ್ಯಾಂಕ್, ಕಾಲೇಜುಗಳ ಸರ್ವರ್ ಕೋಣೆಗೂ ಬರಬೇಕು.

ಲಿನಕ್ಸ್ ಸರ್ವರ್‌ಗೆ ಕರ್ನಲ್ ಅಪ್‌ಡೇಟ್ ಹಾಕಿದರೆ ಕೆಲಸ ಮುಗಿಯಿತು ಎಂದು ಹಲವರು ಭಾವಿಸುತ್ತಾರೆ. ಆದರೆ ಬಯೋಸ್, ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ಕಂಟ್ರೋಲರ್, ಡಿಸ್ಕ್, ದೂರದಿಂದ ಸರ್ವರ್ ನಿಯಂತ್ರಿಸುವ ಬಿಎಂಸಿ ಚಿಪ್‌ಗಳಲ್ಲಿ ಕೂತು ಯಂತ್ರವನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಹಳೆಯದಾಗಿಯೇ ಉಳಿದಿರುತ್ತದೆ. ‘ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು’ ಎಂಬುದು ಇದಕ್ಕೆ ಸಿಗುವ ಸಾಮಾನ್ಯ ಉತ್ತರ.

ಆ ಉತ್ತರ ಎಷ್ಟು ಅಪಾಯಕಾರಿ ಎಂಬುದನ್ನು 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ಹೊರಡಿಸಿದ ಎಚ್ಚರಿಕೆ ತೋರಿಸಿತು. ಅದರ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದಾಗಿ ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಸಾಯುವಂತಿದ್ದವು. ದತ್ತಾಂಶವೂ ಮರಳಿ ಸಿಗುತ್ತಿರಲಿಲ್ಲ. ಒಂದೇ ದಿನ ಚಾಲೂ ಮಾಡಿದ ಡಿಸ್ಕ್‌ಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗುವುದರಿಂದ ರೇಡ್ ಕೂಡ ಕಾಪಾಡದು. ಉಳಿದ ದಾರಿ ಫರ್ಮ್‌ವೇರ್ ಅಪ್‌ಡೇಟ್ ಒಂದೇ. ಭದ್ರತೆಯ ಮಾತೂ ಇದೆ. 2018ರಲ್ಲಿ ಪತ್ತೆಯಾದ ಲೋಜ್ಯಾಕ್ಸ್ ಎಂಬ ಕುತಂತ್ರಾಂಶ, ಬಯೋಸ್‌ನ ಹೊಸ ರೂಪವಾದ ಯುಇಎಫ್ಐ ಕೂತಿರುವ ಚಿಪ್‌ನಲ್ಲೇ ಅಡಗುತ್ತಿತ್ತು. ಡಿಸ್ಕ್ ಬದಲಿಸಿದರೂ ಹೋಗುತ್ತಿರಲಿಲ್ಲ.

ಹಾಗೆಂದು ಅವಸರವೂ ಸಲ್ಲದು. ಚಿಪ್‌ಗೆ ಬರೆಯುವಾಗ ಕರೆಂಟ್ ಕೈಕೊಟ್ಟರೆ ಮದರ್‌ಬೋರ್ಡ್ ನಿರುಪಯುಕ್ತವಾಗಬಹುದು. ಚಿಂಚೋಳಿಯ ಅಂಗಡಿಯಲ್ಲಿ ಸರ್ವರ್ ಬೋರ್ಡ್ ಸಿಗುವುದಿಲ್ಲ. ಬಿಡಿಭಾಗವೂ ಎಂಜಿನಿಯರೂ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ನಗರದಲ್ಲಿ ತಾಸುಗಳಲ್ಲಿ ಸರಿಹೋಗುವ ತಪ್ಪಿಗೆ ಇಲ್ಲಿ ದಿನಗಳೇ ಬೇಕು.

ಆದ್ದರಿಂದ ಕ್ರಮ ಮುಖ್ಯ. ಮೊದಲು ತಯಾರಕ ಕಂಪನಿಯ ಅಪ್‌ಡೇಟ್ ಟಿಪ್ಪಣಿ ಓದಬೇಕು. ಕೆಲವು ಆವೃತ್ತಿಗಳಿಂದ ಹಿಂದಕ್ಕೆ ಬರಲಾಗದು. ಬ್ಯಾಕಪ್ ತೆಗೆದರೆ ಸಾಲದು, ಅದು ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಬಯೋಸ್ ಸೆಟ್ಟಿಂಗ್ ಬರೆದಿಟ್ಟುಕೊಳ್ಳಬೇಕು. ಡಿಸ್ಕ್‌ನ ಗೂಢಲಿಪಿ ಬೀಗವನ್ನು ಕೀಲಿ ಕಾಯುವ ಟಿಪಿಎಂ ಚಿಪ್‌ಗೆ ಕಟ್ಟಿದ್ದರೆ, ಬಯೋಸ್ ಬದಲಾದ ಮೇಲೆ ಅದು ತಾನಾಗಿ ತೆರೆಯದಿರಬಹುದು, ಪಾಸ್‌ಫ್ರೇಸ್ ಕೈಯಲ್ಲಿರಬೇಕು. ಯುಪಿಎಸ್ ಬ್ಯಾಟರಿ ಪರೀಕ್ಷಿಸಿ, ಕಡಿಮೆ ಮಹತ್ವದ ಒಂದು ಸರ್ವರ್‌ಗೆ ಮೊದಲು ಅಪ್‌ಡೇಟ್ ಹಾಕಿ, ಕೆಲವು ದಿನ ಲಾಗ್ ನೋಡಿ, ಆಮೇಲೆ ಉಳಿದವಕ್ಕೆ ಕೈಹಾಕಬೇಕು.

ಉಪಕರಣಕ್ಕೆ ಕೊರತೆಯಿಲ್ಲ. ರೆಡ್ ಹ್ಯಾಟ್‌ನ ರಿಚರ್ಡ್ ಹ್ಯೂಸ್ ಕಟ್ಟಿದ ಎಫ್‌ಡಬ್ಲ್ಯುಅಪ್‌ಡಿ ತಂತ್ರಾಂಶ ಯಂತ್ರದ ಫರ್ಮ್‌ವೇರ್ ಪಟ್ಟಿ ಮಾಡಿ, ತಯಾರಕರು ಒದಗಿಸಿದ ಕಡತಗಳನ್ನು ತರುತ್ತದೆ. ಅದು ಬೆಂಬಲಿಸದ ಯಂತ್ರಕ್ಕೆ ತಯಾರಕರದೇ ಉಪಕರಣ ಬಳಸಬೇಕು. ಎಲ್ಲಿಂದಲೋ ಇಳಿಸಿಕೊಂಡ ಕಡತ ಮಾತ್ರ ಬೇಡ.

ಕೊರತೆಯಿರುವುದು ಜವಾಬ್ದಾರಿಯಲ್ಲಿ. ಟೆಂಡರ್‌ಗಳು ಪ್ರೊಸೆಸರ್, ಮೆಮೊರಿ, ಬೆಲೆ ಕೇಳುತ್ತವೆ. ಎಷ್ಟು ವರ್ಷ ಫರ್ಮ್‌ವೇರ್ ಕೊಡುತ್ತೀರಿ ಎಂದೂ ಕೇಳಬೇಕು. ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ 2023ರಲ್ಲಿ ಐಟಿ–ಬಿಟಿ ಖಾತೆ ವಹಿಸಿಕೊಂಡವರು. ಸರ್ಕಾರಿ ಖರೀದಿಯಲ್ಲಿ ಈ ಷರತ್ತು ಕಡ್ಡಾಯವಾಗುವುದಾದರೆ, ಅದಕ್ಕೆ ಈ ಸೀಮೆಗಿಂತ ಸೂಕ್ತ ಆರಂಭವಿಲ್ಲ. ಕಾರ್ಖಾನೆಗಳಂತೂ ಆದೇಶಕ್ಕೆ ಕಾಯಬೇಕಿಲ್ಲ: ಮುಂದಿನ ಕಿಲ್ನ್ ಶಟ್‌ಡೌನ್ ಪಟ್ಟಿಗೆ ಸರ್ವರ್ ಫರ್ಮ್‌ವೇರ್ ಸೇರಿಸಿ, ಅದಕ್ಕೊಬ್ಬ ಹೊಣೆಗಾರನ ಹೆಸರು ಬರೆದರೆ ಸಾಕು.